ಆಟ ಶುರುವಾಗುವ ವಯಸ್ಸು, ಮುಗಿಯುವ ಹೊತ್ತು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ವಿಡಿಯೋ ಗೇಮ್ ಕುರಿತೇ ಇವೆ. ಯಾವ ವಯಸ್ಸಿಗೆ ಕೊಡಬೇಕು, ಯಾವ ವಯಸ್ಸಿಗೆ ಬಿಡಿಸಬೇಕು ಎಂಬುದೇ ಎಲ್ಲರ ಪ್ರಶ್ನೆ. ಬೆಂಗಳೂರಿನ ಆರು ಓದುಗರ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಮಗಳಿಗೆ ಮೂರೂವರೆ ವರ್ಷ. ಊಟದ ಹೊತ್ತಿಗೆ ಮೊಬೈಲಿನಲ್ಲಿ ಬಲೂನ್ ಒಡೆಯುವ ಆಟ ಹಾಕಿಕೊಟ್ಟರೆ ಮಾತ್ರ ತುತ್ತು ಒಳಗೆ ಹೋಗುತ್ತದೆ. ತಾನೇ ಆಟ ಹುಡುಕಿ ತೆಗೆಯುತ್ತಾಳೆ, ಚುರುಕು ಎಂದು ಮನೆಯವರು ಖುಷಿಪಡುತ್ತಾರೆ. ನನಗೇಕೋ ಭಯ. — ಗೃಹಿಣಿ, ವಿಜಯನಗರ

ನಿಮ್ಮ ಭಯ ಸರಿಯಾಗಿಯೇ ಇದೆ. ಗಾಜಿನ ಮೇಲೆ ಬೆರಳು ಸರಿಸುವುದು ಈಗಿನ ಎಲ್ಲ ಮಕ್ಕಳಿಗೂ ಬರುತ್ತದೆ, ಅದು ಬುದ್ಧಿಯ ಅಳತೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯ ಪ್ರಕಾರ 2ರಿಂದ 4 ವರ್ಷದ ಮಕ್ಕಳು ಕೂತು ಪರದೆ ನೋಡುವುದು ದಿನಕ್ಕೆ 1 ಗಂಟೆ ದಾಟಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಆ ಒಂದು ಗಂಟೆಯಲ್ಲಿ ಟಿ.ವಿ.ಯೂ ಸೇರಿತು. ಆದರೆ ನಿಮ್ಮ ಮನೆಯಲ್ಲಿ ಮೊದಲು ಬಿಡಿಸಬೇಕಾದ್ದು ಊಟಕ್ಕೂ ಆಟಕ್ಕೂ ಬಿದ್ದಿರುವ ಗಂಟು. ಪರದೆ ನೋಡುತ್ತಾ ತಿನ್ನುವ ಮಗುವಿಗೆ ಹಸಿವೂ ತಿಳಿಯುವುದಿಲ್ಲ, ಹೊಟ್ಟೆ ತುಂಬಿದ್ದೂ ತಿಳಿಯುವುದಿಲ್ಲ.

ತಟ್ಟೆ ಅವಳ ಮುಂದಿಡಿ, ಮನೆಯಲ್ಲಿ ಒಬ್ಬರಾದರೂ ಅವಳ ಜೊತೆ ಕೂತು ಉಣ್ಣಿ. ಅವಳ ಬೆರಳಿಗೂ ಅನ್ನ ಮೆತ್ತಿಕೊಳ್ಳಲಿ. ಅರ್ಧ ಗಂಟೆಗೆ ತಟ್ಟೆ ಎತ್ತಿಬಿಡಿ. ಮೊದಲ ಕೆಲವು ದಿನ ರಂಪ ಇರುತ್ತದೆ, ಎರಡು ಹೊತ್ತು ಅರೆಹೊಟ್ಟೆಯೂ ಆದೀತು. ತೂಕ ಸರಿಯಾಗಿರುವ ಮಗು ಮುಂದಿನ ಹೊತ್ತಿಗೆ ತಾನೇ ಸರಿದೂಗಿಸಿಕೊಳ್ಳುತ್ತದೆ. ಕೆಲಸ ಕೆಡುವುದು ಮೂರನೇ ದಿನ ಅಜ್ಜಿಯೋ ಅಪ್ಪನೋ ಮರುಗಿ ಫೋನ್ ಕೊಟ್ಟಾಗ. ಹೆಚ್ಚು ಅತ್ತರೆ ಸಿಗುತ್ತದೆ ಎಂಬ ಪಾಠ ಅಲ್ಲಿಗೆ ಗಟ್ಟಿಯಾಗುತ್ತದೆ. ಆದ್ದರಿಂದ ಮನೆಯವರೆಲ್ಲ ಒಪ್ಪಿಕೊಂಡ ಮೇಲೆಯೇ ಶುರುಮಾಡಿ.

ಹಾಗಾದರೆ ಆಟ ಯಾವಾಗ? ನಮ್ಮ ಅಭಿಪ್ರಾಯದಲ್ಲಿ ಐದಾರು ವರ್ಷ. ಆದರೆ ಹುಟ್ಟುಹಬ್ಬಕ್ಕಿಂತ ಚೌಕಾಬಾರವನ್ನು ನಂಬಿ. ತನ್ನ ಸರದಿ ಬರುವವರೆಗೆ ಕವಡೆ ಮುಟ್ಟದೆ ಕಾಯುತ್ತಾಳೆಯೇ? ಕಾಯಿ ಹೊಡೆಸಿಕೊಂಡು ಮತ್ತೆ ಮನೆಗೆ ಹೋದಾಗ ಮಣೆ ಚೆಲ್ಲಾಪಿಲ್ಲಿ ಮಾಡದೆ ಮುಂದಿನ ಗರಕ್ಕೆ ಕೂರುತ್ತಾಳೆಯೇ? ಹಾಗೆ ಸೋಲು ತಾಳಿಕೊಳ್ಳುವ ಮಗುವಿಗೆ ನಿಮ್ಮ ಪಕ್ಕದಲ್ಲೇ ಕೂರಿಸಿಕೊಂಡು ವಿಡಿಯೋ ಗೇಮ್ ಕೊಡಬಹುದು, ಸಾಧ್ಯವಾದರೆ ಫೋನಿಗಿಂತ ಟಿ.ವಿ. ಪರದೆಯಲ್ಲಿ.

ಪ್ರಶ್ನೆ: ಮಗನಿಗೆ 9 ವರ್ಷ. ಅಪಾರ್ಟ್‌ಮೆಂಟಿನ ಹುಡುಗರೆಲ್ಲ ಬಿಜಿಎಂಐ ಎಂಬ ಬಂದೂಕಿನ ಮೊಬೈಲ್ ಆಟ ಆಡುತ್ತಾರೆ, ತನಗೂ ಬೇಕೆಂದು ಹಟ. ಸದ್ಯಕ್ಕೆ ಇಟ್ಟಿಗೆಯಂಥ ತುಂಡು ಜೋಡಿಸಿ ಕಟ್ಟುವ ಮೈನ್‌ಕ್ರಾಫ್ಟ್ ಆಟ ಕೊಟ್ಟಿದ್ದೇವೆ. ಅರ್ಧ ಗಂಟೆ ಎಂದು ಒಪ್ಪಿಕೊಂಡಿದ್ದರೂ ನಿಲ್ಲಿಸು ಎಂದರೆ ಕಿರುಚಾಡುತ್ತಾನೆ. ಒಮ್ಮೆ ವೈಫೈ ಆರಿಸಿದ್ದಕ್ಕೆ ಎರಡು ದಿನ ಮಾತು ಬಿಟ್ಟ. — ತಂದೆ, ಯಲಹಂಕ

ಬಿಜಿಎಂಐಗೆ 16+ ಎಂಬ ವಯಸ್ಸಿನ ಗುರುತಿದೆ, ಮೈನ್‌ಕ್ರಾಫ್ಟ್‌ಗೆ ಆಟಗಳಿಗೆ ವಯಸ್ಸು ಗೊತ್ತುಮಾಡುವ ಯುರೋಪಿನ ಪೆಗಿ ಪದ್ಧತಿಯಲ್ಲಿ 7. ಪ್ಲೇ ಸ್ಟೋರಿನಲ್ಲಿ ಪ್ರತಿ ಆಟದ ಹೆಸರಿನ ಕೆಳಗೆ 3+, 7+, 12+, 16+, 18+ ಎಂದು ಕಾಣುವುದೂ ಇಂಥದ್ದೇ ಗುರುತು. ಒಂದು ವಿಷಯ ಬಹಳ ಜನ ತಪ್ಪು ತಿಳಿಯುತ್ತಾರೆ. ಈ ಸಂಖ್ಯೆ ಆಟ ಎಷ್ಟು ಕಷ್ಟ ಎಂಬುದನ್ನು ಹೇಳುವುದಿಲ್ಲ. ಹೊಡೆದಾಟ, ರಕ್ತ, ಬೈಗುಳ, ಜೂಜಿನಂಥ ಸಂಗತಿ ಎಷ್ಟಿದೆ ಎಂಬುದನ್ನು ಹೇಳುತ್ತದೆ. 3+ ಎಂದಿರುವ ಚದುರಂಗ ಮೂರು ವರ್ಷದ ಮಗುವಿಗೆ ಬರುವುದಿಲ್ಲ. ಹಾಗೆಯೇ, ಆಟ ಎಷ್ಟು ಹಿಡಿದುಕೊಳ್ಳುತ್ತದೆ ಎಂಬುದೂ ಆ ಸಂಖ್ಯೆಯಲ್ಲಿ ಇಲ್ಲ. ಅದನ್ನು ನೀವೇ ನೋಡಬೇಕು. ಒಂಬತ್ತಕ್ಕೆ ಬಿಜಿಎಂಐ ಬೇಡ, ಅದರಲ್ಲಿ ನಮಗೆ ಅನುಮಾನವಿಲ್ಲ. ಬಂದೂಕಿನ ಮಾತು ಹಾಗಿರಲಿ, ಹೆಡ್‌ಫೋನಿನಲ್ಲಿ ಅಪರಿಚಿತ ದೊಡ್ಡವರ ದನಿ ನೇರವಾಗಿ ಮಗುವಿನ ಕಿವಿಗೆ ಬೀಳುತ್ತದೆ.

ಇನ್ನು ಕಿರುಚಾಟ. ಅದು ಹಟವೇ ಇರಬೇಕೆಂದಿಲ್ಲ. ನೀವು ಗಡಿಯಾರದ ಲೆಕ್ಕದಲ್ಲಿ ನಿಲ್ಲಿಸುತ್ತೀರಿ, ಆಟ ತನ್ನದೇ ಲೆಕ್ಕದಲ್ಲಿ ಮುಗಿಯುತ್ತದೆ. ಐದು ಓವರ್ ಬಾಕಿ ಇರುವಾಗ ಟಿ.ವಿ. ಆರಿಸಿದರೆ ನಮಗೆ ಹೇಗಾಗುತ್ತದೋ ಅವನಿಗೂ ಹಾಗೇ. ತಂಡದ ಆಟವಾದರೆ ಇನ್ನೂ ಕಷ್ಟ, ನಡುವೆ ಎದ್ದವನು ಗೆಳೆಯರಿಂದ ಬೈಸಿಕೊಳ್ಳುತ್ತಾನೆ. ಆದ್ದರಿಂದ ಹೊತ್ತನ್ನು ನಿಮಿಷದಲ್ಲಿ ಕೊಡದೆ ಆಟದ ಅಳತೆಯಲ್ಲಿ ಕೊಡಿ. ಕ್ರಿಕೆಟ್ ಗೇಮ್ ಆದರೆ ಇಂತಿಷ್ಟು ಓವರಿನ ಎರಡು ಪಂದ್ಯ. ಮೈನ್‌ಕ್ರಾಫ್ಟ್‌ಗೆ ಕೊನೆ ಎಂಬುದಿಲ್ಲ, ತೊಂದರೆ ಇರುವುದೇ ಅಲ್ಲಿ. ಆದರೆ ಅದರಲ್ಲಿ ಸೂರ್ಯ ಹುಟ್ಟಿ ಮುಳುಗುತ್ತಾನೆ. ಅಲ್ಲಿನ ಒಂದು ಹಗಲು-ರಾತ್ರಿ ನಮ್ಮ 20 ನಿಮಿಷ. ‘ಎರಡು ಸಲ ಬೆಳಗಾದ ಮೇಲೆ ನಿಲ್ಲಿಸು’ ಎಂದರೆ ಹೆಚ್ಚೆಂದರೆ 40 ನಿಮಿಷ. ರಾತ್ರಿ ಹಾಸಿಗೆ ಹಾಕಿ ಮಲಗಿದರೆ ಬೇಗನೆ ಬೆಳಗಾಗುತ್ತದೆ, ಅದು ಅವನಿಗೂ ಗೊತ್ತು. ಎರಡನೇ ಸಂಜೆ ಕವಿಯುವಾಗ ಪಕ್ಕದಲ್ಲಿ ಹೋಗಿ ಕೂತು ‘ಏನು ಕಟ್ಟಿದೆ, ತೋರಿಸು’ ಎನ್ನಿ. ಅಡುಗೆಮನೆಯಿಂದ ಕೂಗುವುದಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ. ತೋರಿಸುತ್ತಾ ತೋರಿಸುತ್ತಾ ಅವನೇ ಆಟದಿಂದ ಹೊರಗೆ ಬಂದಿರುತ್ತಾನೆ.

ವೈಫೈ ಆರಿಸುವುದನ್ನು ಬಿಟ್ಟುಬಿಡಿ. ಅದರ ಬದಲು ಫೋನಿನಲ್ಲೇ ಕಟ್ಟುಪಾಡು ಮಾಡಿ. ಮಗನ ಹೆಸರಿನಲ್ಲಿ ಬೇರೆ ಗೂಗಲ್ ಖಾತೆ ತೆರೆದು, ನಿಮ್ಮ ಫೋನಿನಲ್ಲಿ ಫ್ಯಾಮಿಲಿ ಲಿಂಕ್ (ಮಕ್ಕಳ ಫೋನಿಗೆ ಮಿತಿಯಿಡುವ ಗೂಗಲ್ ಆ್ಯಪ್) ಹಾಕಿಕೊಂಡು ಅವನ ಖಾತೆಯನ್ನು ನಿಮ್ಮದಕ್ಕೆ ಜೋಡಿಸಿ. ‘ಸ್ಕ್ರೀನ್ ಟೈಮ್’ನಲ್ಲಿ ಡೌನ್‌ಟೈಮ್, ಅಂದರೆ ಫೋನಿಗೆ ಬೀಗ ಬೀಳುವ ಹೊತ್ತು, ರಾತ್ರಿ 8:30ರಿಂದ ಬೆಳಗ್ಗೆ 7 ಎಂದಿಡಿ. ಆಟಕ್ಕೆ ಪ್ರತ್ಯೇಕ ಮಿತಿಯಿಡಿ, ಆದರೆ ಮಾತು ಕೊಟ್ಟದ್ದಕ್ಕಿಂತ 10 ನಿಮಿಷ ಹೆಚ್ಚಿಗೆ, ಬೀಗ ಬೀಳುವ ಮೊದಲೇ ಅವನಾಗಿ ನಿಲ್ಲಿಸುವ ಅವಕಾಶ ಇರಲಿ. ಗೂಗಲ್ ಪ್ಲೇ ವಿಭಾಗದಲ್ಲಿ ಆಟಗಳ ವಯಸ್ಸನ್ನು 7+ಗೆ ಇಳಿಸಿ, ಖರೀದಿಗೆಲ್ಲ ನಿಮ್ಮ ಒಪ್ಪಿಗೆ ಬೇಕೆಂದು ಹಾಕಿ. ಈ ವಯಸ್ಸಿನ ಜರಡಿ ಹೊಸದಾಗಿ ಇಳಿಸುವ ಆಟಕ್ಕೆ ಮಾತ್ರ, ಮೊದಲೇ ಫೋನಿನಲ್ಲಿ ಇರುವುದನ್ನು ನೀವೇ ತೆಗೆಯಬೇಕು. ಬಹಳ ಮನೆಗಳಲ್ಲಿ ಇದು ಕೈಕೊಡುವುದು ಮಗು ಅಪ್ಪನ ಫೋನಿನಲ್ಲಿ ಅಪ್ಪನ ಖಾತೆಯಲ್ಲೇ ಆಡುವುದರಿಂದ. ಆ ಖಾತೆಗೆ ಫ್ಯಾಮಿಲಿ ಲಿಂಕಿನ ಯಾವ ಮಿತಿಯೂ ತಾಗದು. ಹಾಗಿದ್ದರೆ ಪ್ಲೇ ಸ್ಟೋರಿನ ಸೆಟ್ಟಿಂಗ್ಸ್‌ನಲ್ಲಿ ಪೇರೆಂಟಲ್ ಕಂಟ್ರೋಲ್ಸ್‌ಗೆ ಪಿನ್ ಹಾಕಿ, ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ, ಕಾರ್ಡಿನ ವಿವರ ತೆಗೆದುಬಿಡಿ. ಆ ಪಿನ್ ಮಗನ ಹುಟ್ಟಿದ ದಿನಾಂಕ ಆಗಿರದಿರಲಿ. ಯುಪಿಐ ಪಿನ್ ಅವನ ಎದುರಿಗೆ ಒತ್ತಬೇಡಿ.

ಪ್ರಶ್ನೆ: 11 ವರ್ಷದ ಮೊಮ್ಮಗಳಿಗೆ ಹಿಂದೆ ಎರಡು ಸಲ ಫಿಟ್ಸ್ ಬಂದಿತ್ತು. ಗೇಮ್ ಆಡಬಹುದೇ? — ಅಜ್ಜಿ, ಬಸವನಗುಡಿ

ನರರೋಗ ತಜ್ಞರನ್ನು ಕೇಳಿಯೇ ಕೊಡಿ ಅಮ್ಮ. ಫಿಟ್ಸ್ ಇರುವ 100 ಮಂದಿಯಲ್ಲಿ ಸುಮಾರು 3 ಮಂದಿಗೆ ಮಾತ್ರ ಮಿನುಗುವ ಬೆಳಕಿನಿಂದ ಫಿಟ್ಸ್ ಬರುತ್ತದೆ, ಆದರೆ ಮಕ್ಕಳಲ್ಲೂ ಹದಿಹರೆಯದವರಲ್ಲೂ ಅದು ಹೆಚ್ಚು. ಇ.ಇ.ಜಿ. (ಮಿದುಳಿನ ಅಲೆಗಳ ಪರೀಕ್ಷೆ) ಮಾಡುವಾಗ ಮಿಂಚುವ ದೀಪ ತೋರಿಸಿ ಇದನ್ನು ಪರೀಕ್ಷಿಸುತ್ತಾರೆ, ಆ ವರದಿಯಲ್ಲಿ ಏನಿತ್ತು ಎಂದು ಕೇಳಿ. ವೈದ್ಯರು ಒಪ್ಪಿದರೆ ಕೋಣೆಯ ದೀಪ ಹಾಕಿಕೊಂಡು, ಪರದೆಯಿಂದ ದೂರ ಕೂತು ಆಡಲಿ. ನಿದ್ದೆಗೆಟ್ಟ ದಿನ ಬೇಡವೇ ಬೇಡ. ಪರದೆ ಪಟಪಟನೆ ಮಿನುಗತೊಡಗಿದರೆ ಕೂಡಲೇ ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ ಮುಖ ಆಚೆ ತಿರುಗಿಸಲು ಕಲಿಸಿ. ಎರಡೂ ಕಣ್ಣನ್ನು ಸುಮ್ಮನೆ ಮುಚ್ಚಿಕೊಂಡರೆ ಸಾಲದು, ಬೆಳಕು ರೆಪ್ಪೆಯ ಮೂಲಕವೂ ಒಳಗೆ ಹೋಗುತ್ತದೆ.

ಪ್ರಶ್ನೆ: ನಾನು ಸೆಕೆಂಡ್ ಪಿಯು ಸೈನ್ಸ್. ಇ-ಸ್ಪೋರ್ಟ್ಸ್ (ವಿಡಿಯೋ ಗೇಮ್ ಪಂದ್ಯ) ಆಟಗಾರನಾಗಬೇಕು ಅಂತ ಆಸೆ. ಪರೀಕ್ಷೆ ಮುಗಿಯುವವರೆಗೆ ಪೂರ್ತಿ ಬಿಡು ಅಂತಾರೆ ಅಪ್ಪ. ಒಂದು ವರ್ಷ ಬಿಟ್ಟರೆ ವಯಸ್ಸು ಮೀರಿ ಹೋಗುತ್ತೆ ಅಲ್ವಾ? — ವಿದ್ಯಾರ್ಥಿ, ರಾಜಾಜಿನಗರ

ಇಲ್ಲ ತಮ್ಮಾ. ನಿನ್ನ ಆಸೆ ಹಗುರವಾದದ್ದಲ್ಲ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಸ್ಪೋರ್ಟ್ಸ್‌ಗೆ ಪದಕವಿತ್ತು. ವಯಸ್ಸಿನ ಮಾತಿಗೆ ಬಂದರೆ, ಸ್ಟಾರ್‌ಕ್ರಾಫ್ಟ್ 2 ಎಂಬ ಕಂಪ್ಯೂಟರ್ ಗೇಮ್ ಆಡುವ 16ರಿಂದ 44 ವರ್ಷದ 3,305 ಜನರ ಆಟವನ್ನು ಕೆನಡಾದ ಸಂಶೋಧಕರು ಅಳೆದು ನೋಡಿ 2014ರಲ್ಲಿ ವರದಿ ಮಾಡಿದರು. ವೇಗ ಇಳಿಯತೊಡಗುವುದು 24ರ ಹೊತ್ತಿಗೆ. ಅಲ್ಲಿಗೆ ನಿನಗೆ ಇನ್ನೂ ಏಳು ವರ್ಷ ಇದೆ. ಪರೀಕ್ಷೆ, ಸಿಇಟಿ ಮುಗಿಯಲು ಉಳಿದಿರುವುದು ತಿಂಗಳುಗಳು ಮಾತ್ರ.

ಆದರೆ ‘ಪೂರ್ತಿ ಬಿಡು’ ಎಂಬುದನ್ನು ನಾವು ನಿಮ್ಮ ತಂದೆಯಷ್ಟು ಬಿಗಿಯಾಗಿ ಹೇಳುವುದಿಲ್ಲ. ಒಮ್ಮೆಲೇ ಬಿಟ್ಟವರು ಕದ್ದು ಆಡುವುದೇ ಹೆಚ್ಚು. ಫೋನಿನಿಂದ ಆಟ ತೆಗೆ, ಖಾತೆ ಹಾಗೇ ಇರಲಿ. ಶನಿವಾರ ಎರಡು ಮ್ಯಾಚ್, ಭಾನುವಾರ ಎರಡು, ಮನೆಯ ಟ್ಯಾಬ್‌ನಲ್ಲಿ, ಹಾಲ್‌ನಲ್ಲಿ ಕೂತು. ದಿನಾ ಲಾಗಿನ್ ಆದರೆ ಬಹುಮಾನ, ಇಂದಿನ ಮಿಷನ್ ಇಂದೇ ಮುಗಿಸಬೇಕು ಎಂಬುವೆಲ್ಲ ನಿನ್ನನ್ನು ಪ್ರತಿದಿನ ಎಳೆಯುವುದಕ್ಕೇ ಇಟ್ಟದ್ದು, ಅವನ್ನು ಬಿಟ್ಟರೆ ನಿನ್ನ ಆಟದ ಕೈಚಳಕ ಎಳ್ಳಷ್ಟೂ ಕಡಿಮೆಯಾಗದು. ನಿದ್ದೆ ಮಾತ್ರ 8 ಗಂಟೆಗಿಂತ ಕೆಳಗಿಳಿಸಬೇಡ. ಓದಿದ್ದು ನೆನಪಿನಲ್ಲಿ ನಿಲ್ಲುವುದೂ ಆಟದಲ್ಲಿ ಗುರಿ ತಪ್ಪದಿರುವುದೂ ನಿದ್ದೆಯ ಮೇಲೆಯೇ. ಈ ಲೆಕ್ಕವನ್ನು ಕಾಗದದಲ್ಲಿ ಬರೆದು ಅಪ್ಪನ ಮುಂದಿಡು, ಒಂದು ತಿಂಗಳು ನಡೆಸಿ ತೋರಿಸು.

ಪ್ರಶ್ನೆ: ನನ್ನ ಯಜಮಾನರಿಗೆ 34. ವೈಟ್‌ಫೀಲ್ಡ್ ಆಫೀಸಿನಿಂದ ಬಂದು, ಊಟ ಮಾಡಿ, ರಾತ್ರಿ ಒಂದರವರೆಗೆ ಗೇಮ್. ಇದು ಆಟ ಬಿಡುವ ವಯಸ್ಸಲ್ಲವೇ? ಇದು ಕಾಯಿಲೆಯೇ? — ಓದುಗರು, ಬನಶಂಕರಿ

ಬಿಡುವ ವಯಸ್ಸು ಎಂಬುದಿಲ್ಲ. ಕೇರಂ, ಇಸ್ಪೀಟು, ಟಿ.ವಿ. ಧಾರಾವಾಹಿಗೆ ಇಲ್ಲದ ವಯಸ್ಸು ಇದಕ್ಕೇಕೆ? ಸಿಲ್ಕ್ ಬೋರ್ಡ್ ದಾಟಿ ಬರುವವರಿಗೆ ತಮ್ಮದೇ ಎಂಬ ಹೊತ್ತು ಸಿಗುವುದು ರಾತ್ರಿ ಹತ್ತರ ಮೇಲೆಯೇ ಇರಬಹುದು. ಆದರೆ ನಿಮ್ಮ ಎರಡನೇ ಪ್ರಶ್ನೆ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ‘ಗೇಮಿಂಗ್ ಡಿಸಾರ್ಡರ್’ 2022ರ ಜನವರಿಯಿಂದ ಜಾರಿಯಲ್ಲಿದೆ. ಅಲ್ಲಿ ಗಂಟೆಯ ಲೆಕ್ಕವಿಲ್ಲ, ಮೂರು ಲಕ್ಷಣಗಳಿವೆ. ನಿಲ್ಲಿಸಬೇಕೆಂದರೂ ಕೈಲಾಗದಿರುವುದು, ಮಿಕ್ಕೆಲ್ಲಕ್ಕಿಂತ ಆಟವೇ ಮೇಲಾಗುವುದು, ಕೆಲಸ-ಸಂಸಾರ ಹಾಳಾಗುತ್ತಿದ್ದರೂ ಮುಂದುವರಿಸುವುದು. ಅದೂ ಸಾಮಾನ್ಯವಾಗಿ 12 ತಿಂಗಳು ನಡೆದಿರಬೇಕು.

ನೀವು ನೋಡಬೇಕಾದ್ದು ಇಷ್ಟು. ಎಷ್ಟು ಆಡಿದೆ ಎಂದು ಸುಳ್ಳು ಹೇಳುತ್ತಾರೆಯೇ? ಮಗುವಿಗೆ ಜ್ವರ ಬಂದ ರಾತ್ರಿಯೂ ಏಳಲಿಲ್ಲವೇ? ಬ್ಯಾಂಕಿನಿಂದ ಲೆಕ್ಕಕ್ಕೆ ಸಿಗದ ಹಣ ಹೋಗುತ್ತಿದೆಯೇ? ಹಣ ಕಟ್ಟಿ ಆಡುವ ರಮ್ಮಿಯಂಥದ್ದಾದರೆ ಅದು ಬೇರೆಯೇ ಮಾತು. 2025ರ ಕೇಂದ್ರ ಕಾಯ್ದೆ ಅಂಥ ಆಟಗಳನ್ನು ನಿಷೇಧಿಸಿದೆ. ಶಿಕ್ಷೆ ನಡೆಸುವವರಿಗೇ ಹೊರತು ಆಡಿದವರಿಗಲ್ಲ, ಆದ್ದರಿಂದ ಹೆದರಿ ಮುಚ್ಚಿಡುವ ಅಗತ್ಯವಿಲ್ಲ. ಇವು ಯಾವುವೂ ಇಲ್ಲದೆ ಬರೀ ನಿದ್ದೆಯ ತೊಂದರೆ ಎಂದಾದರೆ, ಕೊನೆಯ ಮ್ಯಾಚ್ 10:30ಕ್ಕೆ ಶುರುವಾಗಲಿ ಎಂದು ಇಬ್ಬರೂ ಮಾತಾಡಿಕೊಳ್ಳಿ. ಮ್ಯಾಚಿನ ನಡುವೆ ಈ ಮಾತು ತೆಗೆಯಬೇಡಿ, ಭಾನುವಾರ ಬೆಳಗ್ಗೆ ಕಾಫಿ ಹೊತ್ತಿಗೆ ತೆಗೆಯಿರಿ. ಲಕ್ಷಣ ಕಂಡರೆ ನಿಮ್ಹಾನ್ಸ್‌ನ ಶಟ್ ಕ್ಲಿನಿಕ್ ಇದಕ್ಕೆಂದೇ 2014ರಿಂದ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಮನೆಯವರೂ ಮಾಡಬಹುದು.

ಪ್ರಶ್ನೆ: ನನಗೆ 66. ಮೊಮ್ಮಗನ ಜೊತೆ ಕಾರ್ ರೇಸ್ ಆಡಲು ಕಲಿತೆ. ‘ಈ ವಯಸ್ಸಿನಲ್ಲಿ ಇದೇನು’ ಎಂದು ನಗುತ್ತಾರೆ. ಬಲಗೈ ಹೆಬ್ಬೆರಳು ಈಚೆಗೆ ನೋಯುತ್ತಿದೆ. — ನಿವೃತ್ತ ಶಿಕ್ಷಕರು, ಮಲ್ಲೇಶ್ವರಂ

ನಗುವವರು ನಗಲಿ, ನೀವು ಆಡಿ ಮೇಷ್ಟ್ರೇ. 60ರಿಂದ 85 ವರ್ಷದವರಿಗೆ ಒಂದು ತಿಂಗಳಲ್ಲಿ 12 ಗಂಟೆ ಕಾರು ಓಡಿಸುವ ಆಟ ಆಡಿಸಿ, ಅವರ ಗಮನಶಕ್ತಿ ಹೆಚ್ಚಿದ್ದನ್ನು ಸ್ಯಾನ್ ಫ್ರಾನ್ಸಿಸ್ಕೋದ ಸಂಶೋಧಕರು 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಆದರೆ ಅದು ಅದಕ್ಕಾಗಿಯೇ ರೂಪಿಸಿದ ಆಟ. ಎಲ್ಲ ರೇಸ್ ಗೇಮೂ ಮರೆವಿಗೆ ಮದ್ದು ಎಂದುಕೊಳ್ಳಬೇಡಿ.

ಹೆಬ್ಬೆರಳಿನ ನೋವನ್ನು ಮನೆಯಲ್ಲೇ ಹೀಗೆ ನೋಡಿ. ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ ಮುಷ್ಟಿ ಕಟ್ಟಿ, ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಮೆಲ್ಲಗೆ ಬಾಗಿಸಿ. ಹೆಬ್ಬೆರಳ ಬುಡದ ಮಣಿಕಟ್ಟಿನ ಅಂಚಿನಲ್ಲಿ ಚುಳ್ಳೆಂದರೆ ಅಲ್ಲಿನ ಸ್ನಾಯುರಜ್ಜು ಮತ್ತು ಅದರ ಒರೆ ಊದಿಕೊಂಡಿರಬಹುದು. ಎರಡು ವಾರ ಆಟವೂ ಬೇಡ, ಹೆಬ್ಬೆರಳಲ್ಲಿ ಮೆಸೇಜ್ ಟೈಪ್ ಮಾಡುವುದೂ ಬೇಡ, ಬಟ್ಟೆ ಹಿಂಡುವುದೂ ಬೇಡ. ಕಡಿಮೆಯಾಗದಿದ್ದರೆ ಮೂಳೆ ವೈದ್ಯರಿಗೆ ತೋರಿಸಿ. ಮತ್ತೆ ಶುರುಮಾಡುವಾಗ ಮೊಣಕೈಯನ್ನು ದಿಂಬಿನ ಮೇಲಿಟ್ಟು, 20 ನಿಮಿಷಕ್ಕೊಮ್ಮೆ ಎದ್ದು ಓಡಾಡಿ, ಕಿಟಕಿಯಾಚೆಯ ಮರದ ಮೇಲೆ ಸ್ವಲ್ಪ ಹೊತ್ತು ಕಣ್ಣಿಡಿ. ನೋವು ಇಳಿಯುವವರೆಗೆ ಕಂಟ್ರೋಲರ್ ಮೊಮ್ಮಗನ ಕೈಯಲ್ಲಿರಲಿ, ತಿರುವು ಎಲ್ಲಿದೆ ಎಂದು ನೀವು ಪಕ್ಕದಲ್ಲಿ ಕೂತು ಹೇಳುತ್ತಿರಿ.