ಅಂಗಡಿಯವನು ಏನು ಮಾಡಿದ?

ಪ್ರಿಯ ಮಿತ್ರರೇ,

ಬ್ರಿಟಿಷ್ ಹಾಸ್ಯನಟ ಮೈಕೇಲ್ ಪೇಲಿನ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಇವರ ಬಗ್ಗೆ ಕನ್ನಡದಲ್ಲಿ ಬರೆಯಬೇಕು ಅಂತ ನಿಮಗೆ ಅನಿಸಿದ್ದೇ ಖುಷಿಯ ವಿಷಯ. ಇಸವಿಗಳು ಸರಿಯಾಗಿವೆ, ಕಾಗುಣಿತ ಚೊಕ್ಕವಾಗಿದೆ. ಆದರೆ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ.

ಎರಡನೇ ಪುಟದಲ್ಲಿ ಹೀಗೆ ಬರೆದಿದ್ದೀರಿ: 'ಮಾಂಟಿ ಪೈಥಾನ್ ಸರಣಿಯ ಸತ್ತ ಗಿಳಿಯ ಸ್ಕೆಚ್‌ನಲ್ಲಿ ಪೇಲಿನ್ ತಮ್ಮ ಅದ್ಭುತ ಅಭಿನಯದಿಂದ ಪ್ರೇಕ್ಷಕರನ್ನು ನಗೆಗಡಲಲ್ಲಿ ತೇಲಿಸಿದರು.'

ಓದಿ ನಿಜವಾಗಿ ಸಿಟ್ಟು ಬಂತು. 'ಅದ್ಭುತ ಅಭಿನಯ' ಅಂದರೆ ಏನು ಮಾಡಿದರು? ಮಾಂಟಿ ಪೈಥಾನ್ ಅಂದರೆ ಬಿಬಿಸಿಯ ಹಾಸ್ಯ ಸರಣಿ. 1969ರ ಆ ಸ್ಕೆಚ್‌ನಲ್ಲಿ, ಅಂದರೆ ಕಿರುಪ್ರಹಸನದಲ್ಲಿ, ಕೂಗಾಡುವುದೆಲ್ಲ ಅದೇ ತಂಡದ ಜಾನ್ ಕ್ಲೀಸ್. ಕೊಂಡ ಗಿಳಿ ಸತ್ತಿದೆ ಅಂತ ಪಂಜರ ಹಿಡಿದುಕೊಂಡು ಬಂದ ಗಿರಾಕಿ ಅವರು. ಪೇಲಿನ್ ಅಂಗಡಿಯವನು. ಗಿಳಿ ಸತ್ತಿಲ್ಲ, ಸುಮ್ನೆ ವಿಶ್ರಾಂತಿ ತಗೊಳ್ತಿದೆ ಅನ್ನುತ್ತಾನೆ. ಪುಕ್ಕ ಎಷ್ಟು ಚೆನ್ನಾಗಿದೆ ನೋಡಿ ಅಂತ ಮಾತು ಬದಲಿಸುತ್ತಾನೆ. ತಾನೇ ಪಂಜರ ತಟ್ಟಿ, ಅಗೋ ಅಲ್ಲಾಡಿತು ಅನ್ನುತ್ತಾನೆ. ಗಿಳಿಯನ್ನು ಮೊಳೆ ಹೊಡೆದು ಕೂರಿಸಿದ್ದಾರೆ ಅಂತ ಗೊತ್ತಾದ ಮೇಲೂ ಅದಕ್ಕೊಂದು ಕಾರಣ ಅವನ ಬಾಯಲ್ಲಿ ತಯಾರು. ಸೋಲು ಒಪ್ಪದ ಆ ಮುಖ ನೋಡಿಯೇ ನಗು ಬರುವುದು. ನಿಮ್ಮ ವಾಕ್ಯದಲ್ಲಿ ಆ ಮುಖ ಎಲ್ಲಿದೆ? ಪಂಜರ ಕೂಡ ಇಲ್ಲ.

ಇನ್ನು ಆ 'ನಗೆಗಡಲು'. ಇದನ್ನು ನಾನೂ ಬರೆದಿದ್ದೆ. ವಾರಪತ್ರಿಕೆಯೊಂದಕ್ಕೆ ಸೇರಿ ಮೂರು ತಿಂಗಳಾಗಿತ್ತು. ಯಕ್ಷಗಾನದ ಆಟವೊಂದರ ವರದಿಗೆ ಕಳಿಸಿದ್ದರು. ಹಾಸ್ಯಗಾರರ ಬಗ್ಗೆ ಇದೇ ಪದ ಹಾಕಿದೆ. ನಮ್ಮ ಹಿರಿಯ ಸಂಪಾದಕರು ಕನ್ನಡಕ ಹಣೆಗೇರಿಸಿ, 'ಅವರು ಏನು ಮಾಡಿದ್ರು, ಅದು ಹೇಳಪ್ಪಾ' ಅಂದರು. ತಡವರಿಸುತ್ತಾ ಹೇಳಿದೆ. ದೂತನ ವೇಷ. ರಾಜ ಓಲೆ ಕೊಟ್ಟು ಬೇಗ ಹೋಗು ಅಂದ. ಹಾಸ್ಯಗಾರರು ರಂಗಸ್ಥಳಕ್ಕೆ ಒಂದು ಸುತ್ತು ಓಡಿದರು. ಏದುಸಿರು ಬಿಡುತ್ತಾ ಮತ್ತೆ ರಾಜನ ಮುಂದೆಯೇ ಬಂದು ನಿಂತು, 'ಯಾವ ಊರಿಗೆ ಅಂದ್ರಿ?' ಅಂತ ಕೇಳಿದರು. ಸಂಪಾದಕರು ಜೋರಾಗಿ ನಕ್ಕುಬಿಟ್ಟರು. 'ಇದನ್ನೇ ಬರಿ' ಅಂತ ಹಾಳೆ ವಾಪಸ್ ಕೊಟ್ಟರು. ಕೆಂಪು ಗೆರೆ ಎಳೆದ ಆ ಹಾಳೆ ಇವತ್ತಿಗೂ ನನ್ನ ಮೇಜಿನ ಡ್ರಾಯರ್‌ನಲ್ಲಿದೆ.

ಇನ್ನೊಂದು ವಾಕ್ಯ: 'ಹಾಸ್ಯಕ್ಕೆ ವಿದಾಯ ಹೇಳಿ ಪೇಲಿನ್ ಪ್ರವಾಸ ಕಾರ್ಯಕ್ರಮಗಳತ್ತ ಹೊರಳಿದರು.' ಯಾವಾಗ ವಿದಾಯ ಹೇಳಿದರು? 80 ದಿನಗಳಲ್ಲಿ ಭೂಮಿ ಸುತ್ತಲು ಬಿಬಿಸಿ ಕ್ಯಾಮೆರಾ ಜೊತೆ ಲಂಡನ್ನಿನ ರಿಫಾರ್ಮ್ ಕ್ಲಬ್‌ನಿಂದ ಹೊರಟಿದ್ದು 1988ರ ಸೆಪ್ಟೆಂಬರ್ 25. 'ಎ ಫಿಶ್ ಕಾಲ್ಡ್ ವಾಂಡಾ' ಚಿತ್ರ ಬಂದಿದ್ದೂ ಅದೇ ವರ್ಷ. ಆ ಹಾಸ್ಯಚಿತ್ರದಲ್ಲಿ ಉಗ್ಗುವ ಕೆನ್ ಪಾತ್ರಕ್ಕೆ ಅವರಿಗೆ ಬ್ರಿಟನ್ನಿನ ಬಾಫ್ಟಾ ಚಲನಚಿತ್ರ ಪ್ರಶಸ್ತಿ ಬಂತು. 2014ರಲ್ಲೂ ಮಾಂಟಿ ಪೈಥಾನ್‌ನ ಹಳೆಯ ಗೆಳೆಯರ ಜೊತೆ ಲಂಡನ್ನಿನ ಓ2 ಅರೆನಾದಲ್ಲಿ ಹತ್ತು ಪ್ರದರ್ಶನ ಕೊಟ್ಟರು, ಅದೇ ಗಿಳಿಯನ್ನು ಇಟ್ಟುಕೊಂಡು!

ಪ್ರವಾಸದಲ್ಲೂ ಅದೇ ಮನುಷ್ಯ ಇದ್ದಾರೆ ಅನ್ನುವುದು ನಿಮಗೆ ಕಾಣದೇ ಹೋಯಿತಲ್ಲ ಅಂತ ನನಗೆ ಬೇಜಾರು. ಆ 80 ದಿನಗಳ ಸುತ್ತಾಟದಲ್ಲಿ ದುಬೈನಿಂದ ಮುಂಬೈಗೆ ಬಂದ ದೋಣಿಪ್ರಯಾಣಕ್ಕೆ 'ರೋಮಾಂಚಕ' ಅಂತ ಒಂದೇ ಪದ ಹಾಕಿ ಮುಗಿಸಿದ್ದೀರಿ. ಅದು ಮರದ ಢೌ ಹಡಗು. ನಾವಿಕರು ಗುಜರಾತಿನವರು. ಪೇಲಿನ್‌ಗೆ ಹೊಟ್ಟೆ ಕೆಟ್ಟಿತ್ತು. ಕಕ್ಕಸು ಅಂದರೆ ಸಮುದ್ರದ ಮೇಲೆ ನೇತುಹಾಕಿದ ಮರದ ಪೆಟ್ಟಿಗೆ. ಒಂದು ದಿನ ತಮ್ಮ ವಾಕ್‌ಮನ್‌ನ ಹೆಡ್‌ಫೋನ್ ತೆಗೆದು ವಯಸ್ಸಾದ ನಾವಿಕರೊಬ್ಬರ ಕಿವಿಗೆ ಇಟ್ಟರು. ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಹಾಡು. ಆಮೇಲೆ ಕ್ಯಾಮೆರಾ ನೋಡಿದ್ದು ಆ ಹಿರಿಯರ ಮುಖವನ್ನೇ. ಕ್ಲೀಸ್ ಕೂಗಾಡುವಾಗ ಕೌಂಟರ್ ಹಿಂದೆ ನಿಂತು ಜಾಗ ಬಿಟ್ಟುಕೊಟ್ಟ ನಟನೇ ಇಲ್ಲೂ ಇದ್ದಾರೆ, ಅಲ್ವಾ?

ಉಳಿದ ಪುಟಗಳ ಬಗ್ಗೆ ಈಗ ಮಾತು ಬೇಡ. ಮುಂಬೈಯಲ್ಲಿ ಕಣ್ಣು ಕಾಣದ ಕ್ಷೌರಿಕರೊಬ್ಬರು ಪೇಲಿನ್‌ಗೆ ಶೇವ್ ಮಾಡುವ ದೃಶ್ಯ ಇದೆ. ಅದನ್ನು ಮತ್ತೆ ನೋಡಿ. ಕತ್ತಿ ಎಲ್ಲಿತ್ತು, ಆ ಬೆರಳುಗಳು ಹೇಗೆ ಆಡಿದವು, ಪೇಲಿನ್ ಹೇಗೆ ಕೂತಿದ್ದರು, ಅಷ್ಟೇ ಬರೆಯಿರಿ. ಒಂದು ಪುಟ ಸಾಕು. ಮುಂದಿನ ವಾರ ಕಳಿಸಿ, ಕಾಯುತ್ತಿರುತ್ತೇನೆ.

ಇಂತಿ,
ಸಂಪಾದಕ