ಕಝಾಕಿಸ್ತಾನದಲ್ಲಿ ಹುಟ್ಟಿದ ಜರ್ಮನ್ ಅಜ್ಜಿ ಯಾರ ಕಡೆ?

ಪ್ರಶ್ನೆ: ಮಗಳು ಜರ್ಮನಿಯಲ್ಲಿ ಕೆಲಸದಲ್ಲಿದ್ದಾಳೆ. ಅವಳ ಪಕ್ಕದ ಮನೆಯ ಅಜ್ಜಿ ಹುಟ್ಟಿದ್ದು ಕಝಾಕಿಸ್ತಾನದಲ್ಲಿ. ಮಾತಾಡುವುದು ಜಾಸ್ತಿ ರಷ್ಯನ್. ಆದರೆ ‘ನಾವು ರಷ್ಯಾದ ಜರ್ಮನರು’ ಅನ್ನುತ್ತಾರಂತೆ. ಎರಡನೇ ಮಹಾಯುದ್ಧದಲ್ಲಿ ಇವರು ಹಿಟ್ಲರ್ ಕಡೆ ಇದ್ದರೋ, ಸ್ಟಾಲಿನ್ ಕಡೆಯೋ?
– ಓದುಗರು, ಧಾರವಾಡ

ಉತ್ತರ: ನೀವು ಕೇಳಿದ್ದನ್ನು ಆ ಅಜ್ಜಿಯ ಅಪ್ಪ ಅಮ್ಮನ ಹತ್ತಿರ ಆಗ ಯಾರೂ ಕೇಳಲಿಲ್ಲ. ಕೇಳದೆಯೇ ಉತ್ತರ ಬರೆದುಕೊಂಡರು.

ಇವರ ಹಿರಿಯರು ರಷ್ಯಾಕ್ಕೆ ಹೋದದ್ದು ಕರೆ ಬಂದ ಮೇಲೆ. 1763ರಲ್ಲಿ ರಾಣಿ ಎರಡನೇ ಕ್ಯಾಥರೀನ್ (ಆಕೆಯೂ ಹುಟ್ಟಿನಿಂದ ಜರ್ಮನ್ ಕಣ್ರೀ) ಹೊರಗಿನ ರೈತರನ್ನು ಕರೆದಳು. ಜಮೀನು ಕೊಡುತ್ತೇವೆ, ನಿಮ್ಮ ಧರ್ಮ ನಿಮಗೆ, ಸೈನ್ಯಕ್ಕೆ ಬರಬೇಕಾಗಿಲ್ಲ ಎಂದಳು. ಆ ಕೊನೆಯ ಮಾತು 1874ರಲ್ಲಿ ಮುರಿಯಿತು. ಮೊದಲ ಮಹಾಯುದ್ಧದಲ್ಲಿ ಇವರ ಹುಡುಗರು ರಷ್ಯಾದ ಸೈನ್ಯದಲ್ಲೇ ಇದ್ದರು. ಆದರೂ ಜರ್ಮನಿಯ ಎದುರು ನಿಲ್ಲಿಸಲು ಧೈರ್ಯ ಸಾಲದೆ, ಬಹಳ ಜನರನ್ನು ತುರ್ಕರ ಮೇಲೆ ಹೋರಾಡಲು ಕಾಕಸಸ್‌ಗೆ ಕಳಿಸಿದರು.

ಸೋವಿಯತ್ ಕಾಲದಲ್ಲಿ, 1924ರಲ್ಲಿ, ವೋಲ್ಗಾ ನದಿಯ ಜರ್ಮನರಿಗೆ ಸ್ವಾಯತ್ತ ಗಣರಾಜ್ಯವೇ ಸಿಕ್ಕಿತು. ಎಂಗೆಲ್ಸ್ ಅದರ ರಾಜಧಾನಿ. ಅದು ಬಾಳಿದ್ದು 17 ವರ್ಷ.

1941ರ ಜೂನ್ 22ಕ್ಕೆ ಹಿಟ್ಲರ್ ದಾಳಿ ಮಾಡಿದ. ಆಗಸ್ಟ್ 28ಕ್ಕೆ ಮಾಸ್ಕೋದಿಂದ ಒಂದು ಆಜ್ಞೆ ಬಂತು. ವೋಲ್ಗಾ ಜರ್ಮನರ ನಡುವೆ ಸಾವಿರಾರು, ಹತ್ತಾರು ಸಾವಿರ ಗೂಢಚಾರರು ಅಡಗಿದ್ದಾರೆ ಎಂದು ಅದರಲ್ಲಿತ್ತು. ಪುರಾವೆ? ಅವರ ಬಗ್ಗೆ ಇವರಲ್ಲಿ ಒಬ್ಬರೂ ಸುದ್ದಿ ಕೊಟ್ಟಿಲ್ಲ, ಆದ್ದರಿಂದ ಎಲ್ಲರೂ ಸೇರಿ ಬಚ್ಚಿಟ್ಟಿದ್ದಾರೆ! ಕಳ್ಳ ಸಿಗಲಿಲ್ಲ ಅಂದರೆ ಊರೆಲ್ಲ ಕಳ್ಳರು ಎಂದ ಹಾಗಾಯಿತು, ಅಲ್ವಾ? ಸೆಪ್ಟೆಂಬರ್‌ನಲ್ಲಿ ಹಳ್ಳಿಗೆ ಹಳ್ಳಿಯನ್ನೇ ರೈಲಿಗೆ ತುಂಬಿ ಸೈಬೀರಿಯಾಕ್ಕೂ ಕಝಾಕಿಸ್ತಾನಕ್ಕೂ ಸಾಗಿಸಿದರು. ಕಮ್ಯುನಿಸ್ಟ್ ಪಕ್ಷದವರನ್ನೂ ಬಿಡಲಿಲ್ಲ. ಕೆಂಪು ಸೇನೆಯಲ್ಲಿ ಹೋರಾಡುತ್ತಿದ್ದ ಜರ್ಮನ್ ಮೂಲದವರನ್ನೂ ಹೊರಗೆ ಹಾಕಿದರು. ಕೆಲವರು ಹೆಸರು ಬದಲಿಸಿಕೊಂಡು ರಣರಂಗದಲ್ಲೇ ಉಳಿದರು. 1942ರಿಂದ ಗಂಡಸರನ್ನು, ಆಮೇಲೆ ಹೆಂಗಸರನ್ನೂ ‘ಕಾರ್ಮಿಕ ಸೇನೆ’ ಎಂಬ ಹೆಸರಿನಲ್ಲಿ ಮರ ಕಡಿಯಲು, ಗಣಿ ಅಗೆಯಲು ಹಚ್ಚಿದರು. ಸುತ್ತ ಕಾವಲು. ಚಳಿಗೆ, ಹಸಿವಿಗೆ ಸತ್ತವರು ಬಹಳ.

ಈಗ ಉಕ್ರೇನ್ ಕಡೆ ನೋಡಿ. ಅಲ್ಲಿನ ಕಪ್ಪು ಸಮುದ್ರದ ಜರ್ಮನರು ಇವರಂತೆಯೇ ವಲಸೆ ಬಂದವರ ಮಕ್ಕಳು. ಆದರೆ ಬಹಳಷ್ಟು ಊರುಗಳಿಗೆ ಸ್ಟಾಲಿನ್‌ನ ರೈಲು ಬರುವ ಮೊದಲೇ ಹಿಟ್ಲರ್‌ನ ಸೈನ್ಯ ಬಂದುಬಿಟ್ಟಿತು. ‘ನೀವು ನಮ್ಮವರು’ ಎಂದು ಅದು ಹೆಸರು ಬರೆದುಕೊಂಡಿತು. ಗಂಡಸರ ಕೈಗೆ ಬಂದೂಕು ಕೊಟ್ಟಿತು. ಇಲ್ಲಿ ಮುಚ್ಚುಮರೆ ಬೇಡ: ಒಡೆಸ್ಸಾದ ಆಸುಪಾಸಿನಲ್ಲಿ ಹೀಗೆ ಕಟ್ಟಿದ ಪಡೆಗಳು ಯೆಹೂದಿಗಳನ್ನು ಸಾವಿರಗಟ್ಟಲೆ ಕೊಂದವು. ಯುದ್ಧ ತಿರುಗಿದಾಗ ಊರಿಗೆ ಊರೇ ಗಾಡಿ ಕಟ್ಟಿಕೊಂಡು ಪೋಲೆಂಡಿನ ಕಡೆ ಹೊರಟಿತು. ಅವರಲ್ಲಿ ಬಹಳ ಜನರನ್ನು ಯುದ್ಧ ಮುಗಿದ ಮೇಲೆ ಸೋವಿಯತ್ ಸೈನ್ಯ ಹಿಡಿದು ವಾಪಸ್ ತಂದಿತು. ಎಲ್ಲಿಗೆ? ಅದೇ ಸೈಬೀರಿಯಾ, ಅದೇ ಕಝಾಕಿಸ್ತಾನ.

ಕೊಂದವರು ತಾವೇ ಆ ದಾರಿ ಹಿಡಿದರು, ಅದರ ಹೊಣೆ ಅವರದೇ. ಉಳಿದ ರೈತರ ಮಟ್ಟಿಗೆ, ಯಾವ ಸೈನ್ಯ ಊರಿಗೆ ಮೊದಲು ಮುಟ್ಟಿತೋ ಅದೇ ಇವರು ‘ಯಾರ ಕಡೆ’ ಎಂದು ತೀರ್ಮಾನಿಸಿತು ಎನ್ನುವುದು ನನ್ನ ಅಭಿಪ್ರಾಯ.

ನಮ್ಮ ಮಂಗಳೂರಿನ ನೆನಪು ನಿಮಗೆ ಬರಬಹುದು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಬಾಸೆಲ್ ಮಿಷನ್‌ನ ಜರ್ಮನರನ್ನು ಹಿಡಿದು ಶಿಬಿರದಲ್ಲಿಟ್ಟರು, ಹಂಚಿನ ಕಾರ್ಖಾನೆಗಳನ್ನೂ ಕಿತ್ತುಕೊಂಡರು. ಆದರೆ ಅವರು ಜರ್ಮನಿಯ ಪ್ರಜೆಗಳೇ ಆಗಿದ್ದರು. ವೋಲ್ಗಾದವರು ಜರ್ಮನಿಯನ್ನು ಕಂಡು ಐದಾರು ತಲೆಮಾರು ಕಳೆದಿತ್ತು.

1955ರಲ್ಲಿ ಕಾವಲು ತೆಗೆದರು, ಆದರೆ ಊರಿಗೆ ಮರಳುವಂತಿರಲಿಲ್ಲ. 1964ರಲ್ಲಿ ಆರೋಪ ಸುಳ್ಳು ಎಂದು ಸರ್ಕಾರವೇ ಒಪ್ಪಿತು. ಗಣರಾಜ್ಯ ಮಾತ್ರ ಮತ್ತೆ ಬರಲಿಲ್ಲ. ಸೋವಿಯತ್ ಗುರುತಿನ ಪುಸ್ತಕದಲ್ಲಿ ‘ಜನಾಂಗ: ಜರ್ಮನ್’ ಎಂದೇ ಉಳಿಯಿತು. ಮುಂದೆ, ಜರ್ಮನಿಗೆ ಹೋಗಲು ಅರ್ಜಿ ಹಾಕುವಾಗ, ಅದೇ ಸಾಲು ಉಪಯೋಗಕ್ಕೆ ಬಂತು. ಸೋವಿಯತ್ ಒಕ್ಕೂಟ ಮುರಿಯುತ್ತಿದ್ದಂತೆ ಲಕ್ಷಗಟ್ಟಲೆ ಜನ ಹೊರಟರು. ‘ಅಲ್ಲಿ ನಾವು ಫ್ಯಾಸಿಸ್ಟರು, ಇಲ್ಲಿ ನಾವು ರಷ್ಯನ್ನರು’ ಎಂಬ ಮಾತು ಅವರಲ್ಲಿ ಈಗಲೂ ಓಡಾಡುತ್ತದೆ.

ನಿಮ್ಮ ಮಗಳು ಆ ಅಜ್ಜಿಯನ್ನು ‘ಯಾರ ಕಡೆ ಇದ್ರಿ’ ಎಂದು ಕೇಳುವುದು ಬೇಡ. 1941ಕ್ಕೆ ಮೊದಲು ಅವರ ಅಪ್ಪ ಅಮ್ಮನ ಊರು ಯಾವುದಿತ್ತು ಎಂದು ಕೇಳಲಿ. ವೋಲ್ಗಾ ಅಂದರೆ ಒಂದು ಕಥೆ, ಒಡೆಸ್ಸಾ ಅಂದರೆ ಇನ್ನೊಂದು.