ಬಿಟ್ಟಿ ಸಿಕ್ಕಿದ್ದೆಲ್ಲ ತಿದ್ದೋಕಾಗಲ್ಲ

ನೆಟ್‌ನಲ್ಲಿ ಉಚಿತವಾಗಿ ಸಿಗುವ ವರ್ಕ್‌ಶೀಟನ್ನು ಕನ್ನಡಕ್ಕೆ ಮಾಡಿ, ಬೇರೆ ಶಾಲೆಯ ಟೀಚರ್‌ಗಳಿಗೂ ಕಳಿಸಬಹುದಾ ಅಂತ ಕೇಳಿದ್ದೀರಿ. ಕಳಿಸಬಹುದು, ಆದರೆ ಮೊದಲು ಲೈಸೆನ್ಸ್, ಅಂದರೆ ಹೇಗೆ ಬಳಸಬಹುದು ಅಂತ ಬರೆದವರು ಕೊಟ್ಟ ಅನುಮತಿ, ನೋಡಿ. ನಾನು ನೋಡದೆ ಪೆಟ್ಟು ತಿಂದವನು.

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡ್ತೀನಿ. ಬಲ್ಬುಗಳ ಸರಣಿ ಜೋಡಣೆ, ಸಮಾಂತರ ಜೋಡಣೆ ಬಗ್ಗೆ ಆರು ಪುಟದ ಸೊಗಸಾದ ವರ್ಕ್‌ಶೀಟ್ ಸಿಕ್ಕಿತ್ತು. ಎರಡು ರಾತ್ರಿ ಕೂತು ಅನುವಾದಿಸಿದೆ, ಚಿತ್ರದೊಳಗಿನ ಹೆಸರುಗಳನ್ನೂ ಬದಲಾಯಿಸಿದೆ. ಹಂಚುವ ಹೊತ್ತಿಗೆ ಕೊನೆಯ ಪುಟದ ಅಡಿಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರ ಕಂಡಿತು: ಸಿಸಿ ಬಿವೈ-ಎನ್‌ಡಿ 4.0. ಸಿಸಿ ಅಂದರೆ ಕ್ರಿಯೇಟಿವ್ ಕಾಮನ್ಸ್, ಬರೆದವರು ತಮ್ಮ ಕೃತಿಯನ್ನು ಹಂಚೋಕೆ ಬಿಡುವ ಸಿದ್ಧ ಲೈಸೆನ್ಸ್‌ಗಳು; ಮುಂದಿನ ಅಕ್ಷರಗಳು ಅದರ ಷರತ್ತು. ಎನ್‌ಡಿ ಅಂದರೆ ಇದ್ದ ಹಾಗೇ ಹಂಚಬಹುದು, ತಿದ್ದಿ ಹಂಚುವಂತಿಲ್ಲ. ಅನುವಾದವೂ ತಿದ್ದುಪಡಿಯೇ. ತಿದ್ದಿದ್ದನ್ನು ನನ್ನ ಹತ್ತಿರ ಇಟ್ಟುಕೊಳ್ಳಬಹುದಿತ್ತು, ಅಷ್ಟೇ. ಕೊನೆಗೆ ಹೊಸದಾಗಿ ನಾನೇ ಬರೆದೆ. ಸರಣಿ ಜೋಡಣೆ ಯಾರಪ್ಪನ ಆಸ್ತಿಯೂ ಅಲ್ಲವಲ್ಲ, ಅದನ್ನು ವಿವರಿಸಿದ ಮಾತು, ಬರೆದ ಚಿತ್ರಕ್ಕೆ ಮಾತ್ರ ಹಕ್ಕು.

ಎಲ್ಲರೂ ಬಳಸಲಿ ಅಂತ ಮುಕ್ತವಾಗಿ ಬಿಟ್ಟ ಪಾಠಸಾಮಗ್ರಿಗೆ 'ಮುಕ್ತ ಶೈಕ್ಷಣಿಕ ಸಂಪನ್ಮೂಲ' ಅನ್ನೋ ಹೆಸರು ಹುಟ್ಟಿದ್ದು 2002ರ ಯುನೆಸ್ಕೋ ಸಭೆಯಲ್ಲಿ. ಅದರ ಜೀವಾಳ ದುಡ್ಡಿಲ್ಲದೆ ಸಿಗೋದಲ್ಲ, ತಿದ್ದಿ ಮತ್ತೆ ಹಂಚುವ ಅನುಮತಿ. ಸಿಸಿ ಲೈಸೆನ್ಸಲ್ಲಿ ಬರೀ ಬಿವೈ ಇದ್ದರೆ ಮೂಲದವರ ಹೆಸರು ಹೇಳಿ, ಏನು ಬದಲಾಯಿಸಿದಿರಿ ಅಂತ ತಿಳಿಸಿದರೆ ಸಾಕು. ಎಸ್‌ಎ ಇದ್ದರೆ ನೀವು ತಿದ್ದಿದ್ದಕ್ಕೂ ಅದೇ ಲೈಸೆನ್ಸ್ ಹಾಕಬೇಕು. ಎನ್‌ಸಿ ಇದ್ದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ಏನೂ ಬರೆದಿಲ್ಲವಾ? ಹಾಗಾದರೆ ಹಕ್ಕೆಲ್ಲ ಬರೆದವರದೇ ಅಂದುಕೊಳ್ಳಿ, ಎಲ್ಲರೂ ಎಡವೋದು ಇಲ್ಲೇ.

ಪ್ರೈಮರಿ ಮಕ್ಕಳಿಗಾದರೆ ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಅನ್ನೋ ಕಥೆಗಳ ವೆಬ್‌ಸೈಟ್ ನೋಡಿ. ಅಲ್ಲಿನ ಹೆಚ್ಚಿನ ಕಥೆಗಳು ಸಿಸಿ ಬಿವೈ. ಕನ್ನಡದವೂ ಇವೆ, ಅಲ್ಲೇ ಕೂತು ಅನುವಾದಿಸಬಹುದು, ಓದಿನ ಮಟ್ಟಕ್ಕೆ ತಕ್ಕಂತೆ ಸರಳವೂ ಮಾಡಬಹುದು. ಎರಡನೇ ಕ್ಲಾಸಿನ ಟೀಚರೊಬ್ಬರು "ಮಳೆ ನಿಂತ ಮೇಲೆ ಹೊರಗೆ ಓಡಿದ ಪುಟ್ಟಿ ಕಪ್ಪೆ ನೋಡಿದಳು" ಅಂತಿದ್ದ ಸಾಲನ್ನು "ಮಳೆ ನಿಂತಿತು. ಪುಟ್ಟಿ ಹೊರಗೆ ಓಡಿದಳು. ಕಪ್ಪೆ ನೋಡಿದಳು" ಅಂತ ಒಡೆದಿದ್ದರು. ತಡವರಿಸುತ್ತಿದ್ದ ಹುಡುಗ ಅವತ್ತು ಪುಟ ಪೂರ್ತಿ ಓದಿದ.

ಇನ್ನೊಂದು, ನೀವು ಹಂಚುವಾಗ ಪಿಡಿಎಫ್ ಜೊತೆ ಒಡಿಟಿ ಫೈಲನ್ನೂ (ಲಿಬ್ರೆಆಫೀಸ್‌ನಂಥ ತಂತ್ರಾಂಶದಲ್ಲಿ ತೆರೆದು ತಿದ್ದಬಹುದಾದ ಫೈಲು) ಕೊಡಿ. ತಿದ್ದಬಹುದು ಅಂತ ಲೈಸೆನ್ಸ್ ಕೊಟ್ಟು ಬರೀ ಪಿಡಿಎಫ್ ಕಳಿಸಿದರೆ, ಒಂದು ಒತ್ತಕ್ಷರ ಸರಿಮಾಡೋಕೆ ಪಡೆದವರು ಪುಟವನ್ನೇ ಮತ್ತೆ ಟೈಪ್ ಮಾಡಬೇಕಾಗುತ್ತೆ.